ಬಲ ತಿರುವಿನಲ್ಲಷ್ಟೇ ಜಾರುವ ಹಿಂಬದಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಮನೆಯಲ್ಲೇ ಕಟ್ಟಿ ಮುಗಿಸಿದ್ದೇನೆ. ಕಬ್ಬಿಣದ ಕೊಳವೆಗಳನ್ನು ವೆಲ್ಡ್ ಮಾಡಿ ಮಾಡಿದ ಚಾಸಿ, ಹಳೆಯ ಸೆಡಾನ್‌ನಿಂದ ತೆಗೆದ ಲೈವ್ ಆಕ್ಸಲ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು), ಅದನ್ನು ಹಿಡಿದಿಡಲು ನಾಲ್ಕು ಟ್ರೇಲಿಂಗ್ ಲಿಂಕ್‌ಗಳು (ಆಕ್ಸಲ್ಲನ್ನು ಅದರ ಮುಂದಿನ ಚಾಸಿಗೆ ಜೋಡಿಸುವ ಸರಳುಗಳು, ಬದಿಗೆ ಎರಡರಂತೆ) ಮತ್ತು ಒಂದು ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವ ಅಡ್ಡ ಸರಳು) ಇವೆ. ಒಟ್ಟು ತೂಕ ಸುಮಾರು 550 ಕಿಲೋ. ಆಕ್ಸಿಲರೇಟರ್ ಒತ್ತಿದಾಗ ಕಾರು ತುಸು ಎಡಕ್ಕೆ, ಕಾಲು ತೆಗೆದಾಗ ಬಲಕ್ಕೆ ಎಳೆಯುತ್ತದೆ. ಬಲ ತಿರುವಿನ ನಡುವೆ ಕಾಲು ತೆಗೆದರಂತೂ ಹಿಂಬದಿ ಹೊರಕ್ಕೆ ಜಾರುತ್ತದೆ; ಎಡ ತಿರುವಿನಲ್ಲಿ ಅಷ್ಟು ತೊಂದರೆಯಿಲ್ಲ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಇನ್ನೂ ಕೆಟ್ಟಿತು. ಶಾಕ್ ಅಬ್ಸಾರ್ಬರ್ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ, ಹಳೆಯ ಸ್ಪ್ರಿಂಗ್‌ಗಳನ್ನೂ ಮರಳಿ ಹಾಕಿಬಿಡಿ. ತಿರುವಿನ ನಡುವೆ ಕಾಲು ತೆಗೆದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಟೈರುಗಳ ಹಿಡಿತ ಕಡಿಮೆಯಾಗುವುದು ಎಲ್ಲ ಕಾರುಗಳಲ್ಲೂ ಇರುವ ಸಂಗತಿ. ಹಿಂದಿನ ಸ್ಪ್ರಿಂಗ್ ಗಟ್ಟಿಯಾದಷ್ಟೂ ತಿರುವಿನಲ್ಲಿ ಹೊರಗಿನ ಹಿಂಚಕ್ರದ ಮೇಲೆ ಬೀಳುವ ಭಾರ ಹೆಚ್ಚಿ ಆ ಹಿಡಿತ ಮತ್ತಷ್ಟು ಕುಗ್ಗುತ್ತದೆ. ಆದರೆ ಅದಷ್ಟೇ ಕಾರಣವಾಗಿದ್ದರೆ ಎಡ, ಬಲ ಎರಡೂ ತಿರುವುಗಳಲ್ಲಿ ಕಾರು ಒಂದೇ ರೀತಿ ವರ್ತಿಸಬೇಕಿತ್ತು. ನಿಮ್ಮ ಕಾರು ಪಕ್ಷಪಾತ ಮಾಡುತ್ತಿದೆ, ಮೇಲಾಗಿ ನೇರ ರಸ್ತೆಯಲ್ಲೂ ಕಾಲಿನ ಒತ್ತಡಕ್ಕೆ ತಕ್ಕಂತೆ ದಿಕ್ಕು ಬದಲಿಸುತ್ತಿದೆ. ಇದು ಆಕ್ಸಲ್ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿಲ್ಲ ಎಂಬುದರ ಲಕ್ಷಣ.

ಆಕ್ಸಿಲರೇಟರ್ ಒತ್ತಿದಾಗ ಚಕ್ರಗಳು ಆಕ್ಸಲ್ಲನ್ನು ಮುಂದಕ್ಕೆ ನೂಕುತ್ತವೆ, ಆ ನೂಕು ಲಿಂಕ್‌ಗಳ ಮೂಲಕ ಚಾಸಿಗೆ ತಲುಪುತ್ತದೆ. ಎಡಬದಿಯ ಲಿಂಕ್ ಸಡಿಲವಾಗಿದ್ದರೆ ಆಕ್ಸಲ್‌ನ ಎಡ ತುದಿ ಒಂದಿಷ್ಟು ಮುಂದೆ ಸರಿಯುತ್ತದೆ, ಎರಡೂ ಹಿಂಚಕ್ರಗಳು ಬಲಕ್ಕೆ ಮುಖ ಮಾಡುತ್ತವೆ, ಕಾರಿನ ಹಿಂಬದಿ ಬಲಕ್ಕೆ ಹೋಗಿ ಮೂತಿ ಎಡಕ್ಕೆ ತಿರುಗುತ್ತದೆ. ಕಾಲು ತೆಗೆದಾಗ ಇದೆಲ್ಲ ತಿರುಗುಮುರುಗು. ಬಲ ತಿರುವಿನಲ್ಲಿ ಮೂತಿ ಇನ್ನಷ್ಟು ಒಳಕ್ಕೆ ಹೊರಳಿ ಬಾಲ ಹೊರಕ್ಕೆ ಬರುವುದು ಇದರಿಂದಲೇ. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ 1300 ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಂದು ತುದಿ 3 ಮಿಲಿಮೀಟರ್ ಸರಿದಾಗ ಚಕ್ರಗಳು ಸುಮಾರು 0.13 ಡಿಗ್ರಿ ತಿರುಗುತ್ತವೆ. ಅಂಕಿ ಸಣ್ಣದೆನಿಸಬಹುದು, ಆದರೆ ಹಿಂಚಕ್ರಗಳಲ್ಲಿ ಅಷ್ಟು ಬದಲಾವಣೆ ಚಾಲಕನಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಆದ್ದರಿಂದ ಎಡಬದಿಯ ಎರಡು ಲಿಂಕ್‌ಗಳಿಂದಲೇ ಆರಂಭಿಸಿ. ಅದಕ್ಕೂ ಮುನ್ನ ಚಕ್ರದ ನಟ್‌ಗಳ ಬಿಗಿಯನ್ನೂ ಟೈರಿನ ಗಾಳಿಯನ್ನೂ ನೋಡಿಬಿಡಿ. ಸೆಡಾನ್‌ಗೆ ಸರಿಯಾದ 30 ಪಿಎಸ್‌ಐ ಇಷ್ಟು ಹಗುರ ಕಾರಿಗೆ ಹೆಚ್ಚು, 18ರಿಂದ 20ರ ಆಸುಪಾಸಿನಲ್ಲಿ ಶುರು ಮಾಡಬಹುದು. ನಂತರ ಕಾರು ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ ಹ್ಯಾಂಡ್‌ಬ್ರೇಕ್ ಎಳೆದು, ಸಹಾಯಕರೊಬ್ಬರಿಂದ ಕಾರನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿಸಿ. ನೀವು ಬೆರಳನ್ನು, ಲಿಂಕ್‌ನ ತುದಿಯನ್ನು ಹಿಡಿದಿರುವ ಬ್ರಾಕೆಟ್ ಮತ್ತು ಲಿಂಕ್ ಎರಡಕ್ಕೂ ತಾಗುವಂತೆ ಅಡ್ಡಲಾಗಿ ಇಡಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ತಿಳಿಯುತ್ತದೆ.

ಅಲ್ಲಿ ಬೋಲ್ಟ್ ಬಿಗಿಯಾಗಿಯೇ ಇದ್ದರೆ ಸಮಾಧಾನಪಟ್ಟು ಮುಂದೆ ಹೋಗಬೇಡಿ. ಲಿಂಕ್‌ನ ತುದಿಯಲ್ಲಿರುವ ರಬ್ಬರ್ ಬುಷ್‌ನ (ಬೋಲ್ಟ್ ಹಾಯುವ ರಬ್ಬರ್ ಮೆತ್ತೆ) ನಡುವೆ ಇರುವ ಉಕ್ಕಿನ ಕೊಳವೆಯನ್ನು ಬ್ರಾಕೆಟ್‌ನ ಎರಡು ಕಿವಿಗಳು (ಎರಡು ಪಕ್ಕದ ತಗಡುಗಳು) ಒತ್ತಿ ಹಿಡಿಯಬೇಕು. ಮನೆಯಲ್ಲಿ ಕಟ್ಟಿದ ಚಾಸಿಗಳಲ್ಲಿ ವೆಲ್ಡಿಂಗ್‌ನ ಶಾಖಕ್ಕೆ ಕಿವಿಗಳು ಒಂದು ಮಿಲಿಮೀಟರ್ ಅಗಲಿಸಿದ್ದರೂ ಸಾಕು, ಬೋಲ್ಟಿನ ಶಕ್ತಿಯೆಲ್ಲ ದಪ್ಪ ತಗಡನ್ನು ಬಗ್ಗಿಸುವುದರಲ್ಲೇ ಕಳೆದುಹೋಗುತ್ತದೆ, ಕೊಳವೆ ಒಳಗೆ ಸಡಿಲವಾಗಿಯೇ ಉಳಿಯುತ್ತದೆ. ಬೋಲ್ಟ್ ಬಿಚ್ಚಿ ಕಿವಿಯ ಒಳಮೈಯನ್ನು ನೋಡಿ. ಬಣ್ಣ ಸವೆದು, ರಂಧ್ರದ ಸುತ್ತ ಉಂಗುರದಂತೆ ಲೋಹ ಹೊಳೆಯುತ್ತಿದ್ದರೆ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಕಳ್ಳ ಸಿಕ್ಕಿದಂತೆ. ಆ ಮೈಯಲ್ಲಿನ ಬಣ್ಣವನ್ನು ಕೆರೆದು, ಉಳಿದ ಅಂತರಕ್ಕೆ ಸರಿಯಾದ ದಪ್ಪದ ವಾಷರ್ ತುಂಬಿ. ರಂಧ್ರ ಹಿಗ್ಗಿದ್ದರೆ ಬ್ರಾಕೆಟ್ಟನ್ನೇ ಹೊಸದಾಗಿ ಮಾಡಬೇಕು. ರಂಧ್ರದೊಳಗೆ ಬೋಲ್ಟಿನ ನುಣುಪಾದ ಭಾಗ ಕೂರಬೇಕೇ ಹೊರತು ತಿರುಪಿನ ಮರೆಗಳಲ್ಲ (ಥ್ರೆಡ್‌ಗಳಲ್ಲ), ಏಕೆಂದರೆ ಮರೆಗಳು ಅರದಂತೆ ಲೋಹವನ್ನು ತಿನ್ನುತ್ತವೆ. ಕೊನೆಯ ಬಿಗಿಯನ್ನು ಕಾರು ನೆಲದ ಮೇಲಿದ್ದು, ಸೀಟಿನಲ್ಲಿ ಚಾಲಕನ ಭಾರವಿದ್ದಾಗಲೇ ಕೊಡಿ. ಆಕ್ಸಲ್ ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಲಿಂಕ್‌ಗಳು ನಿರ್ದೋಷಿ ಎನಿಸಿದರೆ ಪ್ಯಾನ್‌ಹಾರ್ಡ್ ರಾಡ್ ಮಟ್ಟಸವಾಗಿದೆಯೇ ನೋಡಿ. 800 ಮಿಲಿಮೀಟರ್ ಉದ್ದದ ರಾಡ್ ಅಡ್ಡಲಾಗಿ ಮಟ್ಟಸವಾಗಿದ್ದರೆ, ಆಕ್ಸಲ್ 50 ಮಿಲಿಮೀಟರ್ ಮೇಲೆದ್ದಾಗ ಪಕ್ಕಕ್ಕೆ ಸರಿಯುವುದು ಒಂದೂವರೆ ಮಿಲಿಮೀಟರ್ ಮಾತ್ರ. ಅದರ ಒಂದು ತುದಿ ಮೊದಲೇ ಇನ್ನೊಂದಕ್ಕಿಂತ 60 ಮಿಲಿಮೀಟರ್ ಎತ್ತರದಲ್ಲಿದ್ದು ಚಲನೆಯಿಂದ ಓರೆ ಇನ್ನೂ ಹೆಚ್ಚುವಂತಿದ್ದರೆ, ಅಷ್ಟೇ ಚಲನೆಗೆ 5 ಮಿಲಿಮೀಟರ್‌ಗೂ ಮಿಕ್ಕಿ ಸರಿಯುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ಮರೆಯುತ್ತಾರೆ: ಆಕ್ಸಲ್ ಕೊಳವೆಗೆ ನೀವೇ ಬ್ರಾಕೆಟ್ ವೆಲ್ಡ್ ಮಾಡಿರುತ್ತೀರಿ. ವೆಲ್ಡ್ ತಣ್ಣಗಾಗುವಾಗ ಕುಗ್ಗಿ ಕೊಳವೆಯನ್ನು ತನ್ನ ಕಡೆಗೆ ಬಾಗಿಸುತ್ತದೆ. ಕಾರಿನ ಎರಡೂ ಬದಿಗೆ ಚಾಸಿಯ ನಡುಗೆರೆಗೆ ಸಮಾನಾಂತರವಾಗಿ ದಾರ ಕಟ್ಟಿ, ಹಿಂದಿನ ರಿಮ್‌ನ ಮುಂದಿನ ಮತ್ತು ಹಿಂದಿನ ಅಂಚುಗಳಿಂದ ದಾರಕ್ಕಿರುವ ದೂರವನ್ನು ಅಳೆದರೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. 350 ಮಿಲಿಮೀಟರ್ ವ್ಯಾಸದ ರಿಮ್‌ನಲ್ಲಿ 6 ಮಿಲಿಮೀಟರ್ ವ್ಯತ್ಯಾಸವೆಂದರೆ ಒಂದು ಡಿಗ್ರಿ.

ಪ್ರಶ್ನೆ: ನನ್ನ ಕಾರಿನಲ್ಲಿ ಲೈವ್ ಆಕ್ಸಲ್ ಇಲ್ಲ, ಹಿಂಚಕ್ರಗಳು ಸ್ವತಂತ್ರವಾಗಿವೆ. ಎಲ್ಲೂ ಸಡಿಲವಿಲ್ಲ, ನಿಂತಾಗ ಅಲೈನ್‌ಮೆಂಟ್ ಸರಿಯಿದೆ. ಆದರೂ ಉಬ್ಬುತಗ್ಗಿನ ಮೇಲೆ ಹಿಂಬದಿ ಅತ್ತಿತ್ತ ಹೊಯ್ದಾಡುತ್ತದೆ.

ಉತ್ತರ: ನಿಂತಾಗ ಸರಿಯಿದ್ದ ಚಕ್ರ ಮೇಲೆ ಕೆಳಗೆ ಹೋಗುವಾಗ ಮುಖ ತಿರುಗಿಸುತ್ತಿರಬಹುದು. ಚಾಸಿಯನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ತೆಗೆದು, ಜಾಕ್‌ನಿಂದ ಚಕ್ರವನ್ನು 10 ಮಿಲಿಮೀಟರ್‌ನಂತೆ ಏರಿಸುತ್ತಾ ಪ್ರತಿ ಹಂತದಲ್ಲೂ ದಾರದಿಂದ ಅಳೆದು ಬರೆದಿಟ್ಟುಕೊಳ್ಳಿ. ಏರಿದಂತೆ ರಿಮ್‌ನ ಮುಂದಿನ ಅಂಚು ಹೊರಕ್ಕೆ ಸರಿಯುತ್ತಿದ್ದರೆ ನಿಮ್ಮ ತೊಂದರೆ ಅದೇ. ಚಕ್ರದ ದಿಕ್ಕನ್ನು ಹಿಡಿಯುವ ಲಿಂಕ್‌ನ ಒಳತುದಿಯನ್ನು ತೆಳು ವಾಷರ್ ಇಟ್ಟು ಏರಿಸಿ ಅಥವಾ ಇಳಿಸಿ, ಮತ್ತೆ ಮೊದಲಿನಿಂದ ಅಳೆಯಿರಿ. ಒಂದು ಸಲಕ್ಕೆ ಒಂದೇ ವಾಷರ್ ಬದಲಿಸಿ.