ಯಾದಗಿರಿಯ ಸಾಕ್ಷರತೆ ಶೇ 51.83 ಎಂದರೆ ಅಲ್ಲಿನ ಅರ್ಧ ಜನ ಶಾಲೆಗೇ ಹೋಗಿಲ್ಲ ಎಂದರ್ಥವೇ? ದಕ್ಷಿಣ ಕನ್ನಡಕ್ಕೂ ಅದಕ್ಕೂ ಇಷ್ಟು ಅಂತರವೇಕೆ?

ಹಾಗೆ ಅರ್ಥವಲ್ಲ. ಸಾಕ್ಷರತೆಯ ಲೆಕ್ಕವೇ ಬೇರೆ, ವಿದ್ಯಾರ್ಹತೆಯ ಲೆಕ್ಕವೇ ಬೇರೆ. ನಾನು ಶಾಲಾ ಶಿಕ್ಷಕ. ನೀವು ಹೇಳುತ್ತಿರುವ 2011ರ ಜನಗಣತಿಯಲ್ಲಿ ಇದೇ ಜಿಲ್ಲೆಯಲ್ಲಿ ಗಣತಿದಾರನಾಗಿ ಮನೆಮನೆ ಸುತ್ತಿದ್ದೇನೆ.

ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು. ಶಾಲೆಯ ಮೆಟ್ಟಿಲು ಹತ್ತಿರಲೇಬೇಕೆಂದಿಲ್ಲ, ಬರೀ ರುಜು ಹಾಕಲು ಬಂದರೆ ಸಾಲುವುದೂ ಇಲ್ಲ. ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು, ‘ನನಗೆ ಓದು ಬರುವುದಿಲ್ಲ, ಬರೆದುಕೊಳ್ಳಿ ಸರ್’ ಎಂದರು. ಮೊಮ್ಮಗ ನಕ್ಕ: ‘ಊರಿನವರ ಹಳೆಯ ಹೊಲದ ಕಾಗದಗಳನ್ನೆಲ್ಲ ಓದಿ ಹೇಳುವುದು ಅಜ್ಜನೇ.’ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು ಅವರು; ಕನ್ನಡ ಅಕ್ಷರ ಬಾರದ್ದರಿಂದ ತಾವು ಓದಿದವರೇ ಅಲ್ಲ ಎಂದುಕೊಂಡಿದ್ದರು! ‘ಸಾಕ್ಷರ’ ಎಂದು ಬರೆದುಕೊಂಡೆ. ಶಿಕ್ಷಣದ ಮಟ್ಟ ಮಾತ್ರ ಪ್ರಾಥಮಿಕಕ್ಕಿಂತ ಕೆಳಗೆ.

ಆ ಮಟ್ಟದ ಕಲಂನಲ್ಲಿ ನಮೂದಿಸುವುದು ಪೂರೈಸಿದ ಹಂತವನ್ನು, ಓದುತ್ತಿರುವ ಹಂತವನ್ನಲ್ಲ. ಅಜ್ಜನ ಮಗ ಎಸ್‌ಎಸ್‌ಎಲ್‌ಸಿ ಫೇಲ್, ಹಾಗಾಗಿ ಅದರ ಕೆಳಗಿನ ಹಂತಕ್ಕೆ ಇಳಿದ. ಬಿ.ಎ. ಕೊನೆಯ ವರ್ಷದಲ್ಲಿದ್ದ ಮೊಮ್ಮಗ ಪಿಯುಸಿಯಲ್ಲೇ ಉಳಿದ. ‘ಡಿಗ್ರಿ ಎಂದು ಬರೆಯುವುದಿಲ್ಲವೇ ಸರ್?’ ಎಂದು ಮುಖ ಸಣ್ಣದು ಮಾಡಿಕೊಂಡ. ಅಜ್ಜಿಗೆ ಮಾತ್ರ ಯಾವ ಭಾಷೆಯ ಅಕ್ಷರವೂ ಗೊತ್ತಿರಲಿಲ್ಲ.

ಜಿಲ್ಲೆಯ ಸರಾಸರಿಯನ್ನು ಕೆಳಗೆಳೆಯುವುದು ಈ ಅಜ್ಜಿಯಂಥವರ ಸಂಖ್ಯೆಯೇ. 2011ರಲ್ಲಿ ಯಾದಗಿರಿಯ ಗಂಡಸರ ಸಾಕ್ಷರತೆ ಶೇ 62.25 ಇದ್ದರೆ ಹೆಂಗಸರದು ಶೇ 41.38. ಇಂದು ಊರಿಗೊಂದು ಒಳ್ಳೆಯ ಶಾಲೆ ತೆರೆದರೂ ಅರವತ್ತು ದಾಟಿದವರ ಲೆಕ್ಕ ಬದಲಾಗುವುದಿಲ್ಲ. ಶೇ 88.57ರ ದಕ್ಷಿಣ ಕನ್ನಡದ ಓಟ ಶುರುವಾದದ್ದೇ ಬಹಳ ಮೊದಲು: ಶಾಲೆಗಳನ್ನು ತೆರೆದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದೂ ಅದೇ ಶತಮಾನದಲ್ಲಿ. ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಹೊರಬಂದದ್ದು 1948ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ.

ಹಾಗೆಂದು ಎಲ್ಲವನ್ನೂ ಇತಿಹಾಸದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ತರಗತಿಯಲ್ಲಿ ಹುಡುಗಿಯರ ಸಾಲು ಖಾಲಿಯಾಗುತ್ತದೆ. ಸುಗ್ಗಿ ಮುಗಿದ ಮೇಲೆ ಅಪ್ಪ-ಅಮ್ಮ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದರೆ ಮಕ್ಕಳೂ ಹಿಂದೆ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇದ್ದೇ ಇರುತ್ತದೆ, ಆದರೆ ಮಗು ಮತ್ತೆ ಬಂದು ಕೂರುವಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿರುತ್ತದೆ.

ಇನ್ನೊಂದು ಸೋರಿಕೆಯೂ ಇದೆ. ಇಲ್ಲಿಯೇ ಕಷ್ಟಪಟ್ಟು ಡಿಗ್ರಿ ಮುಗಿಸಿದವರು ಕೆಲಸಕ್ಕೆಂದು ಬೆಂಗಳೂರು ಸೇರುತ್ತಾರೆ. ಗಣತಿ ಬಂದಾಗ ಅವರು ಅಲ್ಲಿನ ಪದವೀಧರರು. ಓದಿಸಿದ್ದು ನಾವು, ಅಂಕಿ ಏರಿದ್ದು ಅವರದು! ಹೀಗಾಗಿ ಒಂದು ಜಿಲ್ಲೆಯಲ್ಲಿ ಪದವೀಧರರು ಎಷ್ಟು ಮಂದಿ ಇದ್ದಾರೆ ಎಂಬುದರಿಂದ ಅಲ್ಲಿನ ಕಾಲೇಜುಗಳನ್ನು ಅಳೆಯಲು ಹೋಗಬೇಡಿ.

ಎರಡು ಜಿಲ್ಲೆಗಳನ್ನು ಹೋಲಿಸುವುದೇ ನಿಮ್ಮ ಉದ್ದೇಶವಾದರೆ ಜನಗಣತಿಯ ‘ಸಿ-8’ ಕೋಷ್ಟಕ ತೆಗೆಯಿರಿ. ವಯಸ್ಸು, ಲಿಂಗ, ಶಿಕ್ಷಣ ಮಟ್ಟ ಮೂರೂ ಅದರಲ್ಲಿ ಒಟ್ಟಿಗಿವೆ. ಇಪ್ಪತ್ತರ ಆಸುಪಾಸಿನ ಹುಡುಗಿಯರಲ್ಲಿ ಎಸ್‌ಎಸ್‌ಎಲ್‌ಸಿ ದಾಟಿದವರ ಪಾಲನ್ನು ಮೊದಲು ನೋಡಿ, ಆಮೇಲೆ ಅವರ ತಾಯಂದಿರ ವಯಸ್ಸಿನ ಸಾಲಿಗೆ ಬನ್ನಿ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲವಾದ್ದರಿಂದ, ನೀವು ನೋಡುವ ಆ ಹುಡುಗಿಯರು ಈಗ ತಾವೇ ತಾಯಂದಿರಾಗಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.