ಕೆಟ್ಟ ಸುದ್ದಿ ಮೊದಲು ನಿಮ್ಮ ಹತ್ತಿರ ಬರುತ್ತಿದೆಯೇ?

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಈ ಮಳೆಗಾಲದಿಂದ ಸೂಪರ್‌ವೈಸರ್. ಅರೇಬಿಕಾ ಕಾಫಿ ಕೊಯ್ಲಿಗೆ ಜನ ಕಡಿಮೆ ಇದ್ದರು. ಭಾನುವಾರವೂ ಬಂದರೆ ಕೆ.ಜಿ.ಗೆ ಒಂದು ರೂಪಾಯಿ ಜಾಸ್ತಿ ಕೊಡಿಸುತ್ತೇನೆ ಎಂದು ಹೇಳಿಬಿಟ್ಟೆ. 22 ಜನ ಎರಡು ಭಾನುವಾರ ಬಂದರು. ಬಟವಾಡೆ ದಿನ ಸಾಹುಕಾರರು ‘ನಾನು ಹಾಗೆ ಹೇಳಿಲ್ಲವಲ್ಲ’ ಎಂದು ಹಳೇ ದರವನ್ನೇ ಕೊಟ್ಟರು. ಈಗ ಯಾರೂ ಎದುರು ಮಾತಾಡುವುದಿಲ್ಲ. ಆದರೆ ನಾನು ಏನು ಹೇಳಿದರೂ ‘ಸಾಹುಕಾರ್ರು ಹೇಳಿದ್ರಾ?’ ಎಂದು ಕೇಳುತ್ತಾರೆ. ತೂಕ ಹಾಕುವಾಗ ಇಬ್ಬರು ಮೂವರು ಯಂತ್ರದ ಮೇಲೇ ಕಣ್ಣಿಟ್ಟು ನಿಲ್ಲುತ್ತಾರೆ. ನನ್ನ ಜೇಬಿನಿಂದಲೇ ಕೊಟ್ಟುಬಿಡಲೇ? ಮುಂದಿನ ತಿಂಗಳು ರೋಬಸ್ಟಾ ಕಾಫಿ ಕೊಯ್ಲು ಶುರುವಾಗುತ್ತದೆ.
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹಚ್ಚಿದ ಸಾಲು ‘ಯಾರೂ ಎದುರು ಮಾತಾಡುವುದಿಲ್ಲ’ ಎಂಬುದು. ಜಗಳ ಆಡುವವರಿಗೆ ನಿಮ್ಮ ಮೇಲೆ ಇನ್ನೂ ಸ್ವಲ್ಪ ಆಸೆ ಇರುತ್ತದೆ. ಸುಮ್ಮನಾದವರು ಆಗಲೇ ಕೈಬಿಟ್ಟಿರುತ್ತಾರೆ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ.

ನಿಮ್ಮ ವಯಸ್ಸಿನಲ್ಲಿ ನಾನು ಸಕಲೇಶಪುರದ ಕಡೆ ಒಂದು ತೋಟದ ಕೆಲಸ ನೋಡಿಕೊಳ್ಳುತ್ತಿದ್ದೆ. ಜನವರಿಯ ಒಂದು ಸಂಜೆ. ಕಾಫಿ ಒಣಗಿಸುವ ಕಣದ ತುಂಬಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿದ ಬೀಜ, ಹರಡಿತ್ತು. ಮೋಡ ಕಟ್ಟಿತ್ತು. ಗುಡ್ಡೆ ಮಾಡಿ ಟಾರ್ಪಾಲು ಹೊದಿಸೋಣವಾ ಎಂದು ಕಣದ ಹೆಂಗಸರು ಕೇಳಿದರು. ‘ಈ ತಿಂಗಳಲ್ಲಿ ಎಂಥ ಮಳೆ, ಬಿಡಿ’ ಎಂದೆ. ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಸಾಹುಕಾರರು ಕೇಳಿದಾಗ, ‘ಹೊದಿಸಲು ಹೇಳಿದ್ದೆ, ಇವರೇ ತಡ ಮಾಡಿದರು’ ಎಂದುಬಿಟ್ಟೆ. ಪಕ್ಕದಲ್ಲೇ ಕಣ ಗುಡಿಸುತ್ತಿದ್ದ ಅಜ್ಜಿ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ.

ಮುಂದಿನ ವರ್ಷ ಒಂದು ಬ್ಲಾಕಿನಲ್ಲಿ ಅರೇಬಿಕಾ ಗಿಡಗಳಿಗೆ ಬೋರರ್ ಹುಳು ಬಿತ್ತು. ಅಲ್ಲಿ ನೆರಳು ತೆಳು. ನಿಮಗೆ ಗೊತ್ತಿದೆ, ಈ ಹುಳು ಕಾಂಡದ ಒಳಗೇ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿಯಾಗಿ ಬಾಡುವಾಗ ದೂರದಿಂದಲೂ ಕಾಣುತ್ತದೆ. ಆದರೆ ಅದಕ್ಕೂ ಮೊದಲು ಕಾಂಡದ ಮೇಲೆ ಬಳೆಯ ಹಾಗೆ ಉಬ್ಬು ಏಳುತ್ತದೆ. ಅದು ಕಾಣಿಸುವುದು ಗಿಡದ ಬುಡದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ. ಅವರು ಕಂಡಿದ್ದರು. ನನಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ತಮ್ಮ ತಲೆಗೇ ಕಟ್ಟುತ್ತಾನೆ ಎಂದುಕೊಂಡರು. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಸಾಲುಸಾಲು ಗಿಡ ಹೋಗಿತ್ತು. ಬುಡಸಮೇತ ಕಿತ್ತು ಸುಟ್ಟೆವು. ಹೊಸದಾಗಿ ನೆಟ್ಟ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಒಂದು ಬೆಳಗಿನ ಸುಳ್ಳಿಗೆ ಅಷ್ಟು ವರ್ಷದ ದಂಡ.

ಅಂದಿನಿಂದ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟೇ: ಕೆಟ್ಟ ಸುದ್ದಿ ಮೊದಲು ನನ್ನ ಹತ್ತಿರ ಬರುತ್ತಿದೆಯೇ, ಅಥವಾ ನನಗೆ ಕೊನೆಗೆ ಗೊತ್ತಾಗುತ್ತಿದೆಯೇ? ಜನ ನಮಸ್ಕಾರ ಮಾಡುವುದರಿಂದ, ಹೇಳಿದ ತಕ್ಷಣ ಏಳುವುದರಿಂದ ನಂಬಿಕೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅವನ್ನು ಹೆದರಿಕೆಯಿಂದಲೂ ಮಾಡುತ್ತಾರೆ. ಪಲ್ಪರ್ ಯಂತ್ರದ ಸದ್ದು ಬೇರೆ ಥರ ಬರ್ತಿದೆ, ಕೊನೇ ಬ್ಲಾಕಿನಲ್ಲಿ ಹಣ್ಣು ಉದುರ್ತಿದೆ ಎಂದು ತಾವಾಗಿಯೇ ಬಂದು ಹೇಳುತ್ತಾರಲ್ಲ, ಅದು ನಂಬಿಕೆ.

ಇನ್ನು ನಿಮ್ಮ ರೂಪಾಯಿಯ ವಿಷಯ. ಮೊದಲು ಸಾಹುಕಾರರ ಹತ್ತಿರ ಹೋಗಿ. ಬರಿಗೈಯಲ್ಲಿ ಬೇಡ, ತೂಕದ ಪುಸ್ತಕ ಹಿಡಿದುಕೊಂಡು. ಒಬ್ಬೊಬ್ಬರು ದಿನಕ್ಕೆ 60 ಕೆ.ಜಿ. ಕೊಯ್ದರು ಎಂದಿಟ್ಟುಕೊಂಡರೂ 22 ಜನಕ್ಕೆ, ಎರಡು ಭಾನುವಾರಕ್ಕೆ 2,640 ಕೆ.ಜಿ. ಅಂದರೆ 2,640 ರೂಪಾಯಿ. ‘ನಿಮ್ಮನ್ನು ಕೇಳದೆ ಹೇಳಿದ್ದು ನನ್ನ ತಪ್ಪು’ ಎಂದು ಶುರು ಮಾಡಿ. ಆಮೇಲೆ ರೋಬಸ್ಟಾ ಲೆಕ್ಕ ಹೇಳಿ. ಈ ಜನ ಪಕ್ಕದ ತೋಟಕ್ಕೆ ಹೋದರೆ ಕೊಯ್ಲು ತಡವಾಗುತ್ತದೆ. ಕೊಯ್ಲು ತಡವಾದರೆ ಹೂವಿಗೆ ನೀರು ಕೊಡುವುದೂ ತಡ. ಉದುರಿದ ಹಣ್ಣು ಆರಿಸದೆ ಉಳಿದರೆ ಅದರಲ್ಲೇ ಕಾಯಿಕೊರಕ ಹುಳು ಸಾಕಿದ ಹಾಗೆ. ಅವರು ತೋಟ ಮಾಡಿದವರು, ಈ ಭಾಷೆ ಅವರಿಗೆ ಅರ್ಥವಾಗುತ್ತದೆ.

ಒಪ್ಪಲಿಲ್ಲ ಎಂದುಕೊಳ್ಳಿ. ಆಗ ನಿಮ್ಮ ಜೇಬಿನಿಂದ ಕೊಡಿ ಎಂದೇ ನಾನು ಹೇಳುತ್ತೇನೆ. ಬೇರೆಯವರು ಬೇಡ ಎನ್ನಬಹುದು, ರೂಢಿಯಾಗಿಬಿಡುತ್ತದೆ ಎನ್ನಬಹುದು. ಆದರೆ ಅವರು ಬಿಟ್ಟುಕೊಟ್ಟಿದ್ದು ಭಾನುವಾರ. ವಾರಕ್ಕೊಂದು ರಜೆ, ಮಕ್ಕಳ ಜೊತೆ ಇರುವ ಒಂದೇ ದಿನ. ಅದನ್ನು ನಿಮ್ಮ ಮಾತು ನಂಬಿ ಕೊಟ್ಟರು. ಕದ್ದುಮುಚ್ಚಿ ಮಾತ್ರ ಕೊಡಬೇಡಿ. ಸಾಹುಕಾರರಿಗೆ ತಿಳಿಸಿ, ಎಲ್ಲರ ಎದುರು ಕೊಡಿ. ಮೊದಲು ಹೇಳಿದ ಜಾಗದಲ್ಲೇ, ತೂಕದ ಹೊತ್ತಿನಲ್ಲೇ, ನಾಲ್ಕು ಮಾತು ಸಾಕು: ‘ಕೇಳದೆ ಹೇಳಿದ್ದೆ. ತಪ್ಪು ನನ್ನದು. ಇದು ಆ ಎರಡು ಭಾನುವಾರದ ದುಡ್ಡು. ಇನ್ನು ಮೇಲೆ ಕೇಳಿಕೊಂಡು ಬಂದೇ ಹೇಳುತ್ತೇನೆ.’

‘ಸಾಹುಕಾರರು ಒಪ್ಪಲಿಲ್ಲ’ ಎಂಬುದನ್ನು ಆ ಮಾತಿನಲ್ಲಿ ಸೇರಿಸಬೇಡಿ. ಹೇಳಬೇಕು ಅಂತ ನಾಲಿಗೆ ತುರಿಸುತ್ತದೆ, ನನಗೆ ಗೊತ್ತು. ಕೆಲಸಗಾರರ ಲೈನ್ ಮನೆಯಲ್ಲಿ ಆಡಿದ ಮಾತು ಸಾಹುಕಾರರ ಬಂಗಲೆ ಮುಟ್ಟಲು ಒಂದು ರಾತ್ರಿ ಸಾಕು. ಅಲ್ಲಿಗೆ ಎರಡೂ ಕಡೆ ನಿಮ್ಮ ಬೆಲೆ ಹೋಯಿತು.

ತೂಕದ ಯಂತ್ರವನ್ನು ನೋಡುತ್ತಾರೆ ಎಂದು ಬೇಸರ ಮಾಡಿಕೊಳ್ಳಬೇಡಿ. ನೀವೇ ಕರೆದು ತೋರಿಸಿ. ನನ್ನ ಅನುಭವದಲ್ಲಿ ತೋಟದ ನಂಬಿಕೆ ಗಟ್ಟಿಯಾಗುವುದೂ ಮುರಿಯುವುದೂ ಸಂಜೆಯ ಆ ಅರ್ಧ ಗಂಟೆಯಲ್ಲೇ. ಯಂತ್ರವನ್ನು ಜನರ ಕಡೆ ತಿರುಗಿಸಿ ಇಡಿ. ಮೊದಲ ಚೀಲ ಇಡುವ ಮುಂಚೆ ಸೊನ್ನೆ ತೋರಿಸಿ. ಖಾಲಿ ಚೀಲದ ತೂಕವನ್ನು ಒಮ್ಮೆ ಎಲ್ಲರೆದುರು ಹಾಕಿ, ಅಷ್ಟನ್ನೇ ಕಳೆಯಿರಿ. ಅಂದಾಜಿಗೆ ಒಂದು ಕೆ.ಜಿ. ಹಿಡಿಯುವ ಅಭ್ಯಾಸ ಎಷ್ಟೋ ತೋಟದಲ್ಲಿದೆ. ಅದು ಕೆಟ್ಟ ಅಭ್ಯಾಸ, ಬಡವರ ಕೂಲಿಯಲ್ಲಿ ದಿನವೂ ಚೂರು ಮುರಿದುಕೊಂಡ ಹಾಗೆ. ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಹಾಕಿಸಿದ್ದರೆ ಅದನ್ನೂ ತೋರಿಸಿ. ತೂಕವನ್ನು ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬರೆದು, ಅದೇ ಅಂಕಿಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಹೊರ ರಾಜ್ಯದಿಂದ ಬಂದವರಿಗೆ ಕನ್ನಡ ಬಾರದಿರಬಹುದು, ಅಂಕಿ ಬರುತ್ತದೆ.

ಒಂದೇ ವಾರದಲ್ಲಿ ಎಲ್ಲ ಸರಿಹೋಗುವುದಿಲ್ಲ. ಕಣದ ಆ ಅಜ್ಜಿ ನನ್ನ ಜೊತೆ ಮತ್ತೆ ತಾವಾಗಿ ಮಾತಾಡಿದ್ದು ಎರಡು ಕೊಯ್ಲು ಕಳೆದ ಮೇಲೆ. ‘ಅಯ್ಯಾ, ಆ ಕಡೆ ಪೈಪು ಒಡೆದೈತೆ, ನೋಡಿ’ ಎಂದರು. ಅಷ್ಟೇ. ಅವತ್ತು ನನಗಾದ ಸಂತೋಷ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಪ್ರಶ್ನೆ: ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದವಳು ಈಗ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮೂರಿನ, ಒಂದೇ ಬಸ್ಸಿನಲ್ಲಿ ಬರುವ ಗೆಳತಿಗೆ ರಜೆ ಕೊಟ್ಟೆ. ಬೇರೆ ಇಬ್ಬರಿಗೆ ಟಾರ್ಗೆಟ್ ಇದೆ ಎಂದು ಕೊಡಲಿಲ್ಲ. ಈಗ ಎಲ್ಲರೂ ‘ಅವಳ ಕಡೆಯವರು, ನಮ್ಮ ಕಡೆಯವರು’ ಎಂದು ಮಾತಾಡುತ್ತಾರೆ.
— ಓದುಗರು, ಹಾಸನ

ಉತ್ತರ: ಅವರು ಮಾತಾಡುವುದರಲ್ಲಿ ತಪ್ಪಿಲ್ಲ ಅಲ್ವಾ? ದೇವಿಯ ದರ್ಶನ ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆಸೆ ಎಲ್ಲರಿಗೂ ಒಂದೇ. ರಜೆ ಸಿಗದ ಆ ಇಬ್ಬರನ್ನು ಒಬ್ಬೊಬ್ಬರಾಗಿ ಕರೆದು ತಪ್ಪು ಒಪ್ಪಿಕೊಳ್ಳಿ. ಅವರಿಗೆ ಬೇಕಾದ ಮುಂದಿನ ರಜೆಯಲ್ಲಿ ಮೊದಲ ಅವಕಾಶ ಕೊಡಿ.

ಮುಂದಿನ ಹಬ್ಬಕ್ಕೆ ತಿಂಗಳ ಮೊದಲೇ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಜನ ಹೋದರೆ ಲೈನ್ ನಿಲ್ಲುವುದಿಲ್ಲ ಎಂದು ಮ್ಯಾನೇಜರ್ ಹತ್ತಿರ ಮಾತಾಡಿಕೊಂಡು, ಆ ಸಂಖ್ಯೆಯನ್ನು ಮೊದಲ ಪುಟದಲ್ಲಿ ಬರೆಯಿರಿ. ಹೆಸರನ್ನು ಅವರೇ ಬರೆಯಲಿ. ಹೋದ ವರ್ಷ ಸಿಗದವರಿಗೆ ಮೊದಲ ಸಾಲು. ನಿಮ್ಮ ಹೆಸರು ಕೊನೆಯಲ್ಲಿ.

ಗೆಳತಿಗೆ ಬಸ್ಸಿನಲ್ಲಿ ಎಲ್ಲರ ಮುಂದೆ ಹೇಳಬೇಡಿ, ಬೇಜಾರಾಗುತ್ತದೆ. ಊರಿಗೆ ಇಳಿದು ನಡೆಯುವಾಗ ಹೇಳಿ: ‘ನೋಡೇ, ಮನೆಗೆ ಬಾ, ಊಟ ಮಾಡು, ದುಡ್ಡು ಬೇಕಾದರೆ ಕೇಳು. ರಜೆ ಮಾತ್ರ ನೋಟ್‌ಬುಕ್ಕಿನಲ್ಲಿ ಬರಿ.’