ಪೆಲೆಟ್ ಫರ್ನೇಸ್ ಪದೇ ಪದೇ ನಿಲ್ಲುತ್ತಿದ್ದರೆ ಸ್ವಿಚ್ ಬಿಟ್ಟು ಗಾಳಿಯ ದಾರಿ ನೋಡಿ

ಸರ್, ನಿಮ್ಮ ಪ್ರಶ್ನೆಯನ್ನು ಬೇರೆಯವರಿಗೂ ಅನುಕೂಲವಾಗಲಿ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಮೇನ್ ರಾಜ್ಯದಲ್ಲಿ ಮನೆ, ಬೇಸ್‌ಮೆಂಟಿನಲ್ಲಿ ಪೆಲೆಟ್ ಫರ್ನೇಸ್. ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು (ಪೆಲೆಟ್) ಉರಿಸಿ ಮನೆಯನ್ನು ಬಿಸಿ ಮಾಡುವ ಒಲೆ ಅದು. ಹೊತ್ತಿಕೊಂಡಾಗ ಉರಿ ಚೆನ್ನಾಗಿರುತ್ತದೆ. ಅರ್ಧ ಗಂಟೆಯಲ್ಲಿ ಕೆಂಪಗೆ, ಉದ್ದಕ್ಕೆ ತೂಗಾಡುತ್ತಾ ಮಂಕಾಗುತ್ತದೆ. ಸಂಜೆಯೊಳಗೆ ಗಾಜು ಕಪ್ಪು. ಆಮೇಲೆ ವ್ಯಾಕ್ಯೂಮ್ ಎರರ್ (ಒಳಗಿನ ಗಾಳಿಯ ಎಳೆತ ಸಾಲದು ಎಂಬ ಸೂಚನೆ) ತೋರಿಸಿ ನಿಂತುಹೋಗುತ್ತದೆ. ಜೋರು ಗಾಳಿ ಇದ್ದ ದಿನ ಬೇಸ್‌ಮೆಂಟಿನಲ್ಲಿ ಹೊಗೆ ವಾಸನೆ. ಪೈಪ್ 3 ಇಂಚಿನದು: ಒಂದು ಟೀ (T ಆಕಾರದ ಜೋಡಣೆ), ಎರಡು ಎಲ್ಬೋ (ಪೈಪ್ ತಿರುಗಿಸುವ ಬಾಗು), ಮೇಲಕ್ಕೆ 6 ಅಡಿ, ಅಡ್ಡಕ್ಕೆ 4 ಅಡಿ. ಆ ಎಳೆತವನ್ನು ಗಮನಿಸುವ ವ್ಯಾಕ್ಯೂಮ್ ಸ್ವಿಚ್ ಹೊಸದು ಹಾಕಿಸಿದರೂ ಸರಿಹೋಗಿಲ್ಲ. ಈಗ ಯಾರೋ ಸ್ವಿಚ್ಚಿನ ಎರಡು ವೈರ್ ಒಟ್ಟಿಗೆ ಸೇರಿಸಿಬಿಡಿ ಎಂದಿದ್ದಾರೆ.

ಮೊದಲು ಅದಕ್ಕೇ ಉತ್ತರ. ದಯವಿಟ್ಟು ಸೇರಿಸಬೇಡಿ. ಹೊಗೆ ಹೊರಗೆ ಹೋಗದಿದ್ದಾಗ ಪೆಲೆಟ್ ಬೀಳುವುದನ್ನು ನಿಲ್ಲಿಸುವುದೇ ಆ ಸ್ವಿಚ್ಚಿನ ಕೆಲಸ. ಅದನ್ನು ತಪ್ಪಿಸಿದರೆ ದಾರಿ ಕಟ್ಟಿದ್ದರೂ ಬೆಂಕಿಗೆ ಪೆಲೆಟ್ ಬೀಳುತ್ತಲೇ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ವಾಸನೆ ಬರುತ್ತಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲ ಎಂದಲ್ಲ. ಬೇಸ್‌ಮೆಂಟಿನಲ್ಲಿ ಒಂದು, ಮಲಗುವ ಕೋಣೆಗಳಿರುವ ಪ್ರತಿ ಅಂತಸ್ತಿನಲ್ಲಿ ಒಂದೊಂದು ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರ್ಮ್ ಇದೆಯಾ ಎಂದು ಇವತ್ತೇ ನೋಡಿ. ಅಲಾರ್ಮ್ ಕೂಗಿದರೆ, ಇಲ್ಲವೇ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಶುರುವಾದರೆ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ರಿಪೇರಿ ಮುಗಿಯುವವರೆಗೆ ರಾತ್ರಿ ಹೊತ್ತು ಈ ಫರ್ನೇಸ್ ಉರಿಸದೆ ಬೇರೆ ಹೀಟರ್ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಗಾಳಿಯ ವಿಷಯ. ನಮ್ಮ ಊರಿನ ಬಚ್ಚಲೊಲೆಯ ಹೊಗೆ ಬಿಸಿಯಾಗಿ ತಾನೇ ಕೊಳವೆ ಹತ್ತಿ ಹೋಗುತ್ತದೆ ಅಲ್ವಾ, ಪೆಲೆಟ್ ಫರ್ನೇಸ್ ಹಾಗಲ್ಲ. ಹೆಚ್ಚಿನವುಗಳಲ್ಲಿ ಒಂದು ಫ್ಯಾನ್ ಹೊಗೆಯನ್ನು ಎಳೆದು ಹೊರಗೆ ತಳ್ಳುತ್ತದೆ. ಫ್ಯಾನಿಗಿಂತ ಹಿಂದಿನ ಭಾಗವೆಲ್ಲ, ಅಂದರೆ ಹೊರಗಾಳಿ ಬರುವ ಕೊಳವೆ, ಪೆಲೆಟ್ ಉರಿಯುವ ಬಟ್ಟಲು, ಫೈರ್‌ಬಾಕ್ಸ್, ಎಲ್ಲವೂ ಎಳೆತದಲ್ಲಿರುತ್ತದೆ. ಫ್ಯಾನ್ ದಾಟಿದ ಮೇಲಿನ ಪೈಪೆಲ್ಲ ಒತ್ತಡದಲ್ಲಿರುತ್ತದೆ. ಇದು ತಲೆಯಲ್ಲಿದ್ದರೆ ಅರ್ಧ ತನಿಖೆ ಮುಗಿದ ಹಾಗೆ. ಬಾಗಿಲಿನ ಗ್ಯಾಸ್ಕೆಟ್ (ಅಂಚಿನಲ್ಲಿ ಗಾಳಿ ತಡೆಯುವ ಪಟ್ಟಿ) ಸವೆದಿದ್ದರೆ ಅಲ್ಲಿಂದ ಹೊಗೆ ಹೊರಗೆ ಬರುವುದಿಲ್ಲ, ಕೋಣೆಯ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿ ಬಟ್ಟಲಿನ ತೂತುಗಳಿಂದ ಬರುವುದಿಲ್ಲ, ಹಾಗಾಗಿ ಉರಿ ಸಾಯುತ್ತದೆ. ಪೈಪಿನ ಜಾಯಿಂಟ್ ಸಡಿಲವಾಗಿದ್ದರೆ ಮಾತ್ರ ಹೊಗೆ ಕೋಣೆಗೆ ಬರುತ್ತದೆ. ಬಾಗಿಲಿನಿಂದ ಅಥವಾ ಪೆಲೆಟ್ ತುಂಬುವ ಹಾಪರಿನಿಂದಲೇ ಹೊಗೆ ಬರುತ್ತಿದ್ದರೆ ಫ್ಯಾನ್ ಸೋತಿದೆ, ಇಲ್ಲವೇ ಅದರ ಮುಂದೆ ದಾರಿ ಕಟ್ಟಿದೆ. ಆದ್ದರಿಂದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಟಾರ್ಚ್ ಹಿಡಿದು ಸರಿಯಾಗಿ ಹುಡುಕಿ. ಜಾಯಿಂಟಿನ ಸುತ್ತ ಬೂದಿಯ ಗೆರೆ ಕಂಡರೆ ಅಲ್ಲೇ ಸೋರಿಕೆ.

ಇನ್ನೊಂದು ಸುಳಿವು ನಿಮ್ಮ ಎರರ್‌ನಲ್ಲೇ ಇದೆ. ಗಾಳಿ ಒಳಬರುವ ಕಡೆ ಕಟ್ಟಿದ್ದರೆ ಫೈರ್‌ಬಾಕ್ಸಿನ ಎಳೆತ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಆಗ ಸ್ವಿಚ್ ಸುಮ್ಮನಿರುತ್ತದೆ, ಉರಿ ಮಾತ್ರ ಹಾಳಾಗುತ್ತದೆ. ಹೊಗೆ ಹೊರಹೋಗುವ ಕಡೆ ಕಟ್ಟಿದರೆ ಅಥವಾ ಬಾಗಿಲು ಸೋರಿದರೆ ಎಳೆತ ಬಿದ್ದು ಎರರ್ ಬರುತ್ತದೆ. ನಿಮಗೆ ಮಂಕು ಉರಿಯೂ ಇದೆ, ಎರರ್ ಕೂಡ ಇದೆ. ಹಾಗಾಗಿ ನನ್ನ ಅನುಮಾನ ಬಾಗಿಲು, ಫ್ಯಾನ್ ಮತ್ತು ಪೈಪಿನ ಮೇಲೆ.

ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಸ್ವಿಚ್ಚಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ ಬಿಚ್ಚಿ, ಸೀಳು ಬಿಟ್ಟಿದೆಯಾ ನೋಡಿ. ಅದು ಫರ್ನೇಸಿಗೆ ಸೇರುವ ಜಾಗದಲ್ಲಿ ಸಣ್ಣ ತೂತಿರುತ್ತದೆ. ಅದರಲ್ಲಿ ಬೂದಿ ಕೂತರೆ ಎಷ್ಟು ಸ್ವಿಚ್ ಬದಲಿಸಿದರೂ ಪ್ರಯೋಜನವಿಲ್ಲ. ತೆಳ್ಳಗಿನ ತಂತಿಯಿಂದ ಬಿಡಿಸಿ. ಕೊಳವೆ ಸ್ವಿಚ್ಚಿಗೆ ಸಿಕ್ಕಿಸಿರುವಾಗ ಅದರೊಳಗೆ ಬಾಯಿಂದ ಊದಬೇಡಿ, ಒಳಗಿನ ಪೊರೆ ಹರಿಯುತ್ತದೆ. ಆಮೇಲೆ ಬಾಗಿಲಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಹೀಗೇ ಮಾಡಿ. ಎಲ್ಲಿ ನೋಟು ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ಗ್ಯಾಸ್ಕೆಟ್ ಹೋಗಿದೆ. ಬೂದಿ ಡಬ್ಬಿಯ ಬಾಗಿಲನ್ನೂ ಹಾಪರ್ ಮುಚ್ಚಳವನ್ನೂ ಮರೆಯಬೇಡಿ.

ಮುಂದಿನದು ಬೂದಿ ತೆಗೆಯುವುದು. ಬಟ್ಟಲು ಮತ್ತು ಗಾಜು ಒರೆಸಿ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಬೂದಿ ಕೂರುವುದು ಕಣ್ಣಿಗೆ ಕಾಣದ ಕಡೆ: ಹಿಂಬದಿಯ ತಗಡಿನ ಹಿಂದೆ, ಹೀಟ್ ಎಕ್ಸ್‌ಚೇಂಜರ್ ಕೊಳವೆಗಳ ನಡುವೆ, ಕೆಳಗಿನ ಆ್ಯಶ್ ಟ್ರ್ಯಾಪ್‌ಗಳಲ್ಲಿ, ಫ್ಯಾನಿನ ರೆಕ್ಕೆಗಳಲ್ಲಿ, ಟೀ ಕೆಳಗಿನ ಮುಚ್ಚಳದಲ್ಲಿ. ಕರೆಂಟ್ ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಒಂದೊಂದನ್ನೇ ಬಿಚ್ಚಿ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ. ಬೂದಿಯಲ್ಲಿ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಬೂದಿಗೆಂದೇ ಲೋಹದ ಡಬ್ಬಿಯ ವ್ಯಾಕ್ಯೂಮ್ ಸಿಗುತ್ತದೆ, ಅದೇ ಬೇಕು. ತೆಗೆದ ಬೂದಿಯನ್ನೂ ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ ಹಾಕಿ ಮನೆಯ ಹೊರಗಿಡಿ. ಕೆಲವರು ಎಲೆ ಊದುವ ಬ್ಲೋವರಿನ ಹೀರುವ ತುದಿಯನ್ನು ಹೊರಗಿನ ಪೈಪಿಗೆ ಜೋಡಿಸಿ ಎಳೆಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೊದಲು ಸ್ವಿಚ್ಚಿನ ಕೊಳವೆ ಬಿಚ್ಚಿರಬೇಕು, ಒಳಗೆ ಒಂದೇ ಒಂದು ಕೆಂಡವೂ ಇರಬಾರದು.

ಫರ್ನೇಸಿನಲ್ಲಿ ಇನ್ನೊಂದು ದೊಡ್ಡ ಫ್ಯಾನ್ ಇರುತ್ತದೆ, ಬಿಸಿಗಾಳಿಯನ್ನು ಡಕ್ಟ್‌ಗಳಿಗೆ ಕಳಿಸುವುದು. ಅದನ್ನು ಸ್ವಚ್ಛ ಮಾಡಿ ಹೊಗೆ ಫ್ಯಾನನ್ನು ಬಿಟ್ಟಿದ್ದರೆ ಏನೂ ಬದಲಾಗಿರುವುದಿಲ್ಲ.

ಇಷ್ಟಾದ ಮೇಲೆ ಪೈಪಿಗೆ ಬನ್ನಿ. ಒಂದು ವಿಷಯ ನೆನಪು ಮಾಡಿಕೊಳ್ಳಿ: ಹಿಂದಿನ ಚಳಿಗಾಲದಲ್ಲಿ ಇದೇ ಪೈಪಿನಲ್ಲಿ ಸರಿಯಾಗಿ ಉರಿದಿತ್ತಾ? ಉರಿದಿದ್ದರೆ ಎಲ್ಲೋ ಕಟ್ಟಿದೆ ಅಥವಾ ಸವೆದಿದೆ. ಮೊದಲಿನಿಂದಲೂ ಹೀಗೇ ಇದ್ದರೆ ಪೈಪ್ ಜೋಡಿಸಿದ್ದರಲ್ಲೇ ತಪ್ಪಿದೆ. ಲೆಕ್ಕ ಹಾಕೋಣ. ಪೆಲೆಟ್ ಪೈಪಿನಲ್ಲಿ ಪ್ರತಿ 90 ಡಿಗ್ರಿ ಎಲ್ಬೋ ಅಥವಾ ಟೀ 5 ಅಡಿ ಉದ್ದಕ್ಕೆ ಸಮ, 45 ಡಿಗ್ರಿಯದು 3 ಅಡಿ. ಅಡ್ಡ ಪೈಪ್ ಅಡಿಗೆ ಒಂದು, ಮೇಲಕ್ಕೆ ಹೋಗುವುದು ಅಡಿಗೆ ಅರ್ಧ. ನಿಮ್ಮ ಎಲ್ಬೋಗಳು 90 ಡಿಗ್ರಿಯವಾದರೆ ಟೀ ಸೇರಿ 15, ಮೇಲಿನ 6 ಅಡಿಗೆ 3, ಅಡ್ಡದ್ದು 4. ಒಟ್ಟು 22. ಸಾಮಾನ್ಯವಾಗಿ 15 ದಾಟಿದರೆ 4 ಇಂಚಿನ ಪೈಪ್ ಬೇಕು. ನಿಮ್ಮ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕೊನೆಯ ಮಾತು, ಆದರೆ ನನಗೆ ಇಲ್ಲೇ ಜಾಸ್ತಿ ಅನುಮಾನ. ಹೊತ್ತಿಸಿದಾಗ ಚೆನ್ನಾಗಿದ್ದು ಆಮೇಲೆ ಕೆಡುವುದಕ್ಕೂ ಇದು ಹೊಂದುತ್ತದೆ. ಬಿಸಿಯಾದಷ್ಟೂ ಹೊಗೆ ಹಿಗ್ಗುತ್ತದೆ, ಅದೇ ಕಿರಿದಾದ ಪೈಪಿನಲ್ಲಿ ತೂರಬೇಕು.

ಖಚಿತ ಮಾಡಿಕೊಳ್ಳಲು ಎಳೆತವನ್ನು ಅಳೆಯುವ ಮ್ಯಾನೋಮೀಟರ್ ತರಿಸಿ, ಸ್ವಿಚ್ಚಿನ ಕೊಳವೆಗೆ ಒಂದು ಸಣ್ಣ ಟೀ ಹಾಕಿ ಜೋಡಿಸಿ. ಬೆಂಕಿ ಇಲ್ಲದೆ ಹೊಗೆ ಫ್ಯಾನ್ ಮಾತ್ರ ಓಡಿಸಿ ಅಂಕಿ ಬರೆದುಕೊಳ್ಳಿ. ಆಮೇಲೆ ಫ್ಯಾನಿನಿಂದ ಪೈಪ್ ಬಿಡಿಸಿ ಮತ್ತೆ ಓಡಿಸಿ. ಎಳೆತ ಚೆನ್ನಾಗಿ ಏರಿದರೆ ತೊಂದರೆ ಪೈಪಿನದು. ಏರದಿದ್ದರೆ ಫರ್ನೇಸಿನ ಒಳಗಿನದು. ಪೈಪ್ ಮತ್ತೆ ಜೋಡಿಸುವಾಗ ಜಾಯಿಂಟಿಗೆ ಹೈ ಟೆಂಪರೇಚರ್ ಸಿಲಿಕೋನ್ ಹಚ್ಚುವುದು ತಪ್ಪಿಸಬೇಡಿ.

ಗಾಳಿ ಬೀಸಿದ ದಿನದ ವಾಸನೆಗೆ ಪೈಪಿನ ಹೊರತುದಿ ನೋಡಿ. ಅದು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿದ್ದರೆ ಗಾಳಿ ಒಳಗೆ ಒತ್ತುತ್ತದೆ. ಪಕ್ಕದ ಕಿಟಕಿಯಿಂದಲೂ ಹೊಗೆ ವಾಪಸ್ ಬರಬಹುದು. ತೆರೆಯುವ ಕಿಟಕಿ ಬಾಗಿಲುಗಳಿಂದ ಪಕ್ಕಕ್ಕಾದರೆ, ಕೆಳಕ್ಕಾದರೆ 4 ಅಡಿ, ಮೇಲಕ್ಕಾದರೆ 1 ಅಡಿ ದೂರ ಬೇಕು. ಮೇನ್‌ನ ಹಿಮ ನಿಮಗೇ ಗೊತ್ತು. ಹಿಮ ಬಿದ್ದ ಮೇಲೆ ಪೈಪಿನ ತುದಿಯನ್ನೂ ಹೊರಗಾಳಿ ಕೊಳವೆಯ ಜಾಲರಿಯನ್ನೂ ಬಿಡಿಸಲೇಬೇಕು.

ಕೊನೆಯದಾಗಿ ಮನೆಯನ್ನೂ ಪರೀಕ್ಷಿಸಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಉರಿ ಮಂಕಾದಾಗ ಬೇಸ್‌ಮೆಂಟಿನ ಕಿಟಕಿಯನ್ನು ಸ್ವಲ್ಪ ತೆರೆಯಿರಿ. ನಿಮಿಷಗಳಲ್ಲಿ ಉರಿ ಹಳದಿಗೆ ತಿರುಗಿ ಚುರುಕಾದರೆ ಮನೆಯೇ ಗಾಳಿಗಾಗಿ ಒದ್ದಾಡುತ್ತಿದೆ. ಅಡುಗೆಮನೆಯ ಎಕ್ಸಾಸ್ಟ್, ಬಟ್ಟೆ ಡ್ರೈಯರ್, ಬಾತ್‌ರೂಂ ಫ್ಯಾನ್ ಎಲ್ಲ ಗಾಳಿ ಹೊರಗೆ ಎಸೆಯುತ್ತವೆ. ಒಗ್ಗರಣೆ ಹೊತ್ತಿಗೆ ಎಕ್ಸಾಸ್ಟ್ ಜೋರಾಗಿ ಹಾಕಿದಾಗಲೇ ಎರರ್ ಬರುತ್ತದಾ ಎಂದು ಗಮನಿಸಿ. ಬೇಸ್‌ಮೆಂಟಿನಲ್ಲಿ ರಿಟರ್ನ್ ಡಕ್ಟ್ (ಮನೆಯ ಗಾಳಿಯನ್ನು ಫರ್ನೇಸಿಗೆ ವಾಪಸ್ ತರುವ ಕೊಳವೆ) ಬಾಯಿ ತೆರೆದಿದ್ದರೂ, ಅದರ ಜಾಯಿಂಟ್ ಸೋರುತ್ತಿದ್ದರೂ ದೊಡ್ಡ ಫ್ಯಾನ್ ಆ ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಆಗ ಪೈಪಿನಿಂದ ಸೋರಿದ ಹೊಗೆ ಡಕ್ಟ್ ಹಿಡಿದು ಮಲಗುವ ಕೋಣೆಗೂ ಹೋಗುತ್ತದೆ. ಅದನ್ನು ಮೊದಲು ಮುಚ್ಚಿಸಿ. ಉರಿಗೆ ಬೇಕಾದ ಗಾಳಿ ನೇರವಾಗಿ ಹೊರಗಿನಿಂದ ಬರುವ ಹಾಗೆ ಲೋಹದ ಕೊಳವೆ ಇಲ್ಲದಿದ್ದರೆ ಹಾಕಿಸಿ.

ಪೆಲೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೀಲದ ತಳದಲ್ಲಿ ಪುಡಿ ಜಾಸ್ತಿ ಇದ್ದರೆ, ತೇವಕ್ಕೆ ಊದಿಕೊಂಡಿದ್ದರೆ ಬಟ್ಟಲಿನಲ್ಲಿ ಗಟ್ಟಿ ಕಿಟ್ಟ ಕಟ್ಟುತ್ತದೆ. ಅಮೆರಿಕದ ಪಿಎಫ್‌ಐ (ಪೆಲೆಟ್ ಫ್ಯೂಯಲ್ಸ್ ಇನ್‌ಸ್ಟಿಟ್ಯೂಟ್) ಪ್ರೀಮಿಯಂ ದರ್ಜೆಯಲ್ಲಿ ಬೂದಿ ಶೇ. 1, ತೇವಾಂಶ ಶೇ. 8 ದಾಟಬಾರದು. ಬೇರೆ ಬ್ರ್ಯಾಂಡಿನ ಒಂದು ಚೀಲ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಕಿಟಕಿ ತೆರೆದಾಗ ಏನಾಯಿತು, ಮ್ಯಾನೋಮೀಟರ್ ಎಷ್ಟು ತೋರಿಸಿತು, ಹಿಂದಿನ ಚಳಿಗಾಲ ಹೇಗಿತ್ತು ಎಂದು ಇಲ್ಲೇ ಬರೆಯಿರಿ, ಪೈಪಿನ ಫೋಟೋ ಕೂಡ ಹಾಕಿ. ಪೈಪನ್ನು 4 ಇಂಚಿಗೆ ಬದಲಿಸುವುದಾದರೆ ಎನ್‌ಎಫ್‌ಐ (ಇಂಥ ಒಲೆಗಳ ಕೆಲಸದವರಿಗೆ ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಂಸ್ಥೆ) ಪೆಲೆಟ್ ಸರ್ಟಿಫಿಕೇಟ್ ಇರುವ ಟೆಕ್ನಿಷಿಯನ್ ಕೈಯಲ್ಲೇ ಮಾಡಿಸಿ, ಅವರು ಹೊರಡುವ ಮುಂಚೆ ಎಳೆತದ ಅಂಕಿಯನ್ನು ಮ್ಯಾನ್ಯುಯಲ್ ಮೇಲೆ ಬರೆಸಿಟ್ಟುಕೊಳ್ಳಿ.